ಕೆಂಪು ದೋಣಿಯ ಹಿಂದಿನ ಸೀಟು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಹಾಗೆಂದವರು ಅಲಬಾಮಾದ ಗಂಟರ್ಸ್‌ವಿಲ್ ಕೆರೆಯ ಕಡೆ ಬಂದವರಲ್ಲ. ಬಂದಿದ್ದರೆ ದೋಣಿ ಕೊಂಡು ನೋಡು ಅನ್ನುವುದನ್ನೂ ಸೇರಿಸುತ್ತಿದ್ದರು. ಇಲ್ಲಿನ ಗಂಡಸರು ಹೆಂಡತಿಯನ್ನು ಒಂದು ಸಂಜೆಯ ಕುಣಿತದಲ್ಲಿ ಆರಿಸಿಬಿಡುತ್ತಾರೆ, ದೋಣಿ ಆರಿಸಲು ಅವರಿಗೆ ಒಂದು ಚಳಿಗಾಲ ಸಾಲುವುದಿಲ್ಲ. ಹಾರ್ಲನ್ ಟಿಡ್‌ವೆಲ್‌ಗೂ ಸಾಲಲಿಲ್ಲ. ಅವನ ಹಳೆಯ ದೋಣಿಯ ಎಂಜಿನ್ ಎಲೆಯುದುರುವ ಕಾಲದಲ್ಲಿ, ಕೆರೆಯ ನಟ್ಟನಡುವೆ, ಒಮ್ಮೆ ಕೆಮ್ಮಿ ಕಪ್ಪು ಹೊಗೆ ಬಿಟ್ಟು ಸುಮ್ಮನಾಗಿತ್ತು. ಶಾಲಾ ಬಸ್ಸುಗಳ ಶೆಡ್ಡಿನಲ್ಲಿ ಬದುಕಿಡೀ ಎಂಜಿನ್ ಬಿಚ್ಚಿ ಜೋಡಿಸಿ ನಿವೃತ್ತನಾದವನಿಗೆ ಅದು ಇನ್ನು ಏಳುವುದಿಲ್ಲ ಎಂದು ಬೇರೆಯವರು ಹೇಳಬೇಕಾಗಿರಲಿಲ್ಲ.

"ಈ ಸಲ ಸರಿಯಾಗಿ ನೋಡಿ ತಗೊ," ಎಂದಳು ಹೆಂಡತಿ ನೇಡೀನ್, ಹುರುಳಿಕಾಯಿ ಮುರಿಯುತ್ತಾ. "ಇನ್ನೊಂದು ತಗೊಳ್ಳೋ ವಯಸ್ಸು ನಿಂಗಿಲ್ಲ. ಇದರ ಮುಂದಿನದು ಅಂದ್ರೆ ಪಾದ್ರಿ ಬಂದು ಮುಚ್ಚಳ ಹಾಕೋ ದೋಣಿನೇ."

"ಅದನ್ನಾದ್ರೂ ನೀನೇ ಆರಿಸು. ಬಣ್ಣ ಮಾತ್ರ ಕೆಂಪಿರಲಿ," ಎಂದ ಹಾರ್ಲನ್.

ಕೆಂಪು ಎಂದದ್ದಕ್ಕೆ ಕಾರಣವಿತ್ತು. ಪ್ರುವಿಟ್‌ನ ದೋಣಿ ಅಂಗಡಿಯ ಅಂಗಳದಲ್ಲಿ ಎರಡು ದೋಣಿಗಳು ಅವನ ಮನಸ್ಸನ್ನು ಹಿಡಿದಿದ್ದವು. ಒಂದು ಕೆಂಪು ಫೈಬರಿನದು. ಬಣ್ಣದೊಳಗೇ ಬೆಳ್ಳಿಯ ಚೂರುಗಳು ಮಿನುಗುತ್ತಿದ್ದವು. ಬೆನ್ನಿಗೆ ಆಳೆತ್ತರದ ಎಂಜಿನ್. ಚಾವಿ ತಿರುಗಿಸಿದರೆ ಮೂತಿ ಮೇಲೆತ್ತಿ ನೀರಿನ ಮೇಲೆ ಹಾರುತ್ತಲೇ ಹೋಗುವಂಥದು. ಇನ್ನೊಂದು ಬೂದು ಬಣ್ಣದ ಅಲ್ಯೂಮಿನಿಯಂ ದೋಣಿ. ನೋಡಲು ಹಂದಿಗೆ ಮೇವು ಹಾಕುವ ತೊಟ್ಟಿಯ ಹಾಗೇ ಇತ್ತೆನ್ನಿ. ಆದರೆ ಒಳಗೆಲ್ಲ ಅಗಲವಾಗಿ, ಒಂದೇ ಮಟ್ಟವಾಗಿ, ಅಂಚು ಎತ್ತರವಾಗಿ, ಹಿಡಿದುಕೊಳ್ಳಲು ಕೈಗಂಬಿ ಇದ್ದು, ಸೀಟುಗಳು ಅಡಿಗೆಮನೆಯ ಕುರ್ಚಿಯಷ್ಟು ಎತ್ತರಕ್ಕಿದ್ದವು. ಎರಡೂ ಅವನ ಉಳಿತಾಯಕ್ಕೆ ಎಟುಕುತ್ತಿದ್ದವು. ಎರಡರಲ್ಲಿ ಒಂದು ಮಾತ್ರ.

ಚಳಿಗಾಲವಿಡೀ ಅವನು ಶನಿವಾರ ಶನಿವಾರ ಹೋಗಿ ಅವುಗಳ ಸುತ್ತ ಸುತ್ತಿದ. ಜೊತೆಗೆ ಓಡೆಲ್ ಇರುತ್ತಿದ್ದ. ಓಡೆಲ್ ನೇಡೀನಳ ಅಣ್ಣ, ಇಟ್ಟಿಗೆ ಕಟ್ಟುವ ಮೇಸ್ತ್ರಿಯಾಗಿದ್ದವನು, ಮಾತು ಕಡಿಮೆ. ಮೂವತ್ತು ವರ್ಷಗಳಿಂದ ಹಾರ್ಲನ್ನನ ದೋಣಿಯ ಹಿಂದಿನ ಸೀಟು ಅವನದು.

ಹಿಂದಿನ ಸೀಟು ಅಂದರೆ ಸುಮ್ಮನೆ ಸೀಟಲ್ಲ, ಅದೊಂದು ಪದವಿ. ಬಾಸ್ ಮೀನು ಹಿಡಿಯುವ ದೋಣಿಯಲ್ಲಿ ಮುಂದೊಂದು ಕಟ್ಟೆ, ಹಿಂದೊಂದು ಕಟ್ಟೆ ಇರುತ್ತದೆ, ನಡುವೆ ಓಡುವಾಗ ಕೂರುವ ತಗ್ಗಿನ ಜಾಗ. ಮುಂದಿನ ಕಟ್ಟೆ ಯಜಮಾನನದು. ಕಾಲಲ್ಲಿ ಒತ್ತುವ ಸಣ್ಣ ಕರೆಂಟ್ ಮೋಟರಿನಿಂದ ಅವನು ದೋಣಿಯನ್ನು ಸದ್ದಿಲ್ಲದೆ ದಡದ ಹುಲ್ಲಿನ ಗುಂಟ ನಡೆಸುತ್ತಾನೆ. ಮೂತಿ ಮುಂದು ಮಾಡಿ ಹೋಗುವ ದೋಣಿಯಲ್ಲಿ ಹೊಸ ನೀರೆಲ್ಲ ಅವನ ಗಾಳಕ್ಕೆ ಮೊದಲು ಸಿಗುತ್ತದೆ. ಹಿಂದಿನವನು ಎಸೆಯುವುದು ಮುಂದಿನವನು ಜಾಲಾಡಿ ಬಿಟ್ಟ ನೀರಿಗೆ, ಒಬ್ಬ ಉಂಡೆದ್ದ ಎಲೆಯಲ್ಲಿ ಇನ್ನೊಬ್ಬ ಅಗುಳು ಹುಡುಕಿದ ಹಾಗೆ. ಹಿಂದಿನವನು ಬೆಳಗಿನ ತಿಂಡಿ ತರಬೇಕು, ಪೆಟ್ರೋಲಿಗೆ ಅರ್ಧ ಹಾಕಬೇಕು, ಮುಂದಿನವನ ಮೀನಿಗೆ ಕೈಬಲೆ ಹಿಡಿಯಬೇಕು. ಬಾಳೆಹಣ್ಣು ಮಾತ್ರ ತರಕೂಡದು, ದೋಣಿಗೆ ಬಾಳೆಹಣ್ಣು ಬಂದರೆ ಅಪಶಕುನ. ಕರೆಯದೆ ಬರಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ದೋಣಿಯ ವಿಷಯದಲ್ಲಿ ಬಾಯಿ ಹಾಕಕೂಡದು. ಎಲ್ಲಿಗೆ ಹೋಗಬೇಕು, ಹೇಗೆ ನಿಲ್ಲಿಸಬೇಕು, ಎಂಥ ದೋಣಿ ಕೊಳ್ಳಬೇಕು ಎಂಬುದೆಲ್ಲ ಯಜಮಾನನಿಗೆ ಬಿಟ್ಟದ್ದು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಇಲ್ಲಿ ಹುಟ್ಟಿದವರಿಗೆ ತಾನಾಗಿ ಗೊತ್ತಿರುತ್ತದೆ.

ಓಡೆಲ್ ಈ ಪದವಿಯಲ್ಲಿ ಎತ್ತಿದ ಕೈ. ತಾನು ಖಾಲಿ ಕೈಯಲ್ಲಿ ಮರಳಿದ ದಿನವೂ ಹಾರ್ಲನ್ನನ ಮೀನಿನ ಕಥೆಯನ್ನು ಚರ್ಚಿನ ಮೆಟ್ಟಿಲ ಮೇಲೆ ಅವನೇ ಎಲ್ಲರಿಗೂ ಹೇಳುತ್ತಿದ್ದ. ಅವನು ತರುತ್ತಿದ್ದ ಸಾಸೇಜ್ ಬನ್ನು ದೋಣಿ ಇಳಿಸುವ ಹೊತ್ತಿಗೂ ಬಿಸಿಯಾಗಿರುತ್ತಿತ್ತು. ಆದರೆ ಆ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಅವನ ಸೊಂಟದ ಕೀಲು ಬದಲಾಯಿಸಿದ್ದರು. ನಡೆಯುವಾಗ ಎಡಗಾಲು ಸ್ವಲ್ಪ ಹಿಂದೆ ಉಳಿಯುತ್ತಿತ್ತು. ಕೇಳಿದರೆ, "ಹೊಸ ಬಾಗಿಲು, ಕೀಲು ಇನ್ನೂ ಪಳಗಿಲ್ಲ," ಅನ್ನುತ್ತಿದ್ದ.

ಕೊನೆಯ ತೀರ್ಮಾನದ ದಿನ ಇಬ್ಬರೂ ಅಂಗಡಿಗೆ ಹೋದರು. ಪ್ರುವಿಟ್ ಎರಡು ದೋಣಿಗಳನ್ನೂ ಅಂಗಳದ ನಡುವಿಗೆ ಎಳೆಸಿ, ಮರದ ಮೆಟ್ಟಿಲು ಇಟ್ಟಿದ್ದ.

"ಹತ್ತಿ ನೋಡಿ ಮಿಸ್ಟರ್ ಹಾರ್ಲನ್. ನೀವೂ ಹತ್ತಿ ಮಿಸ್ಟರ್ ಓಡೆಲ್. ನೋಡೋದಕ್ಕೆ ಬಾಡಿಗೆ ಇಲ್ಲ."

ಓಡೆಲ್ ಮೊದಲು ಬೂದು ದೋಣಿ ಹತ್ತಿದ. ಕೈಗಂಬಿ ಹಿಡಿದು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಅಷ್ಟೇ. ಹಿಂದಿನ ಎತ್ತರದ ಸೀಟಿನಲ್ಲಿ ಕೂತ, ಎದ್ದ, ಮತ್ತೆ ಕೂತ. ಇಲ್ಲದ ಗಾಳವನ್ನು ಒಮ್ಮೆ ಎಸೆದು ಸೆಳೆದಂತೆ ಮಾಡಿದ. ಅವನ ಮುಖದಲ್ಲಿ ಒಂದು ನಗು ಬಂದು ಹೋಯಿತು. ಆಮೇಲೆ ಕೆಂಪು ದೋಣಿ. ಅದರ ಸೀಟು ಬಚ್ಚಲ ತೊಟ್ಟಿಯಷ್ಟು ಕೆಳಗಿತ್ತು. ಕೂತದ್ದೇನೋ ಕೂತ. ಏಳುವಾಗ ಒಮ್ಮೆ ಪ್ರಯತ್ನಿಸಿ ನಿಂತ, ಎರಡೂ ಕೈ ಊರಿ ಪಕ್ಕಕ್ಕೆ ಹೊರಳಿ, ಮೊಣಕಾಲು ಹಿಂದಿನ ಕಟ್ಟೆಗೆ ಹಾಕಿ ಮೇಲೆ ಬಂದ. ಹಣೆಯಲ್ಲಿ ಬೆವರಿತ್ತು. ಫೆಬ್ರವರಿಯ ಚಳಿ ಅದು.

ಹಾರ್ಲನ್ ಇದನ್ನು ನೋಡಿದ. ನೋಡಲಿಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಸುಳ್ಳು, ಅವನು ನೋಡಿದ. ನೋಡಿ, ಕಣ್ಣನ್ನು ಕೆಂಪು ಬಣ್ಣದೊಳಗಿನ ಬೆಳ್ಳಿಚೂರುಗಳ ಕಡೆ ತಿರುಗಿಸಿದ. ಹದಿನೇಳರ ಹುಡುಗನಾಗಿದ್ದಾಗ ಇಂಥದ್ದೇ ಒಂದು ದೋಣಿ ಕೆರೆಯ ಮೇಲೆ ಬೆಂಕಿಗೆರೆ ಎಳೆದು ಹೋದದ್ದನ್ನು ದಡದಲ್ಲಿ ನಿಂತು ನೋಡಿದ್ದ. ಆ ಆಸೆ ಅರುವತ್ತೇಳಕ್ಕೂ ಸತ್ತಿರಲಿಲ್ಲ.

"ಏನಂತೀಯ ಓಡೆಲ್? ಯಾವುದು?" ಎಂದು ಕೇಳಿದ. ಕೇಳಿದ್ದು ಓಡೆಲ್‌ನ ಮುಖ ನೋಡಿ ಅಲ್ಲ, ದೋಣಿಯ ಮುಖ ನೋಡಿ.

ಓಡೆಲ್ ಟೋಪಿ ತೆಗೆದು, ತಲೆ ಸವರಿ, ಮತ್ತೆ ಹಾಕಿಕೊಂಡ. "ದೋಣಿ ನಿನ್ನದು."

ಮೌನಂ ಸಮ್ಮತಿ ಲಕ್ಷಣಂ ಎಂದು ಯಾರು ಕಟ್ಟಿದರೋ, ಅವರಿಂದ ಎಷ್ಟು ಮನೆ ಹಾಳಾಗಿದೆಯೋ. ಇನ್ನೊಂದು ಸಲ ಕೇಳಿದ್ದರೆ ಆಗುತ್ತಿತ್ತು. ಹಾರ್ಲನ್ ಕೇಳಲಿಲ್ಲ. ಉತ್ತರ ತನಗೆ ಬೇಕಾದ ಹಾಗೆ ಬಂದಾಗ ಯಾರು ತಾನೇ ಎರಡನೇ ಸಲ ಕೇಳುತ್ತಾರೆ? ಸಂಜೆಯ ಹೊತ್ತಿಗೆ ಕೆಂಪು ದೋಣಿ ಅವನ ಪಿಕಪ್ಪಿನ ಹಿಂದೆ ಮನೆಗೆ ಬಂತು.

ಮಾರ್ಚಿನಲ್ಲಿ ಮೀನು ಮೊಟ್ಟೆಯಿಡಲು ದಡಕ್ಕೆ ಬರುವ ಹೊತ್ತಿಗೆ ಮೊದಲ ಸವಾರಿ. ಓಡೆಲ್ ಬನ್ನು ತಂದಿದ್ದ, ಒತ್ತಾಯದಿಂದ ಪೆಟ್ರೋಲಿನ ಪಾಲೂ ಕೊಟ್ಟ. ಹಾರ್ಲನ್ ಚಾವಿ ತಿರುಗಿಸಿ ಪೂರ್ತಿ ವೇಗಕ್ಕೆ ಬಿಟ್ಟ. ದೋಣಿ ಹಾರಿತು. ಅವನ ಕಣ್ಣಲ್ಲಿ ನೀರು ಬಂತು, ಗಾಳಿಗೋ ಖುಷಿಗೋ. ಅಷ್ಟರಲ್ಲಿ ಎದುರಿನಿಂದ ಬಂದ ಮರಳು ಸಾಗಿಸುವ ದೊಡ್ಡ ದೋಣಿಯೊಂದರ ಅಲೆ ತಾಗಿ, ಕೆಂಪು ದೋಣಿ ಮೇಲೆದ್ದು ಧಡ್ ಎಂದು ಕೆಳಗೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಹಿಂದಿನ ಸೀಟಿನಲ್ಲಿ ಓಡೆಲ್ ಹಲ್ಲು ಕಚ್ಚಿ ಮುಂದೆಯೇ ನೋಡುತ್ತಿದ್ದ. ಒಂದು ಕೈ ಸೊಂಟದ ಮೇಲಿತ್ತು.

"ಜಾಸ್ತಿ ಆಯ್ತಾ?" ಎಂದು ಹಾರ್ಲನ್ ಕೂಗಿ ಕೇಳಿದ.

"ದೋಣಿ ಚೆನ್ನಾಗಿ ಓಡ್ತದೆ," ಎಂದ ಓಡೆಲ್.

ಆ ದಿನ ಹಾರ್ಲನ್ ಒಳ್ಳೊಳ್ಳೆ ಮೀನು ಹಿಡಿದ, ಬಾಯಿಂದ ಕೊಕ್ಕೆ ಬಿಡಿಸಿ, ಎತ್ತಿ ನೋಡಿ, ಇಲ್ಲಿನ ಆಟದ ರೂಢಿಯಂತೆ ನೀರಿಗೆ ಬಿಟ್ಟ. ಓಡೆಲ್‌ಗೆ ಒಂದೂ ಸಿಗಲಿಲ್ಲ. ಅದೇನು ಹೊಸದಲ್ಲ. ಹೊಸದಾದದ್ದು ದಡಕ್ಕೆ ಬಂದಾಗ. ದಡದಿಂದ ನೀರಿಗೆ ಚಾಚಿದ ಹಲಗೆಗೆ ದೋಣಿ ತಾಗಿಸಿದ್ದಾಯಿತು, ಓಡೆಲ್‌ಗೆ ಆ ತಗ್ಗಿನ ಸೀಟಿನಿಂದ ಏಳಲಾಗಲಿಲ್ಲ. ಒಮ್ಮೆ, ಇನ್ನೊಮ್ಮೆ ಯತ್ನಿಸಿದ. ಕೊನೆಗೆ ಅಂಬೆಗಾಲಿಟ್ಟು ದೋಣಿಯ ಅಂಚು ದಾಟಿ, ಹಲಗೆಯ ಮೇಲೆ ಎರಡೂ ಕೈ ಎರಡೂ ಮೊಣಕಾಲಿನಲ್ಲಿ ನಿಂತು, ಉಸಿರು ಎಳೆದುಕೊಂಡ. ಹತ್ತಿರದ ದೋಣಿಗಳವರು ತಮ್ಮ ಹಗ್ಗ ನೋಡತೊಡಗಿದರು. ಹಾರ್ಲನ್ನನೂ ದೋಣಿ ಕಟ್ಟಿದ ಹಗ್ಗವನ್ನು ಬಿಗಿ ಮಾಡತೊಡಗಿದ. ಹಗ್ಗ ಆಗಲೇ ಬಿಗಿಯಾಗಿತ್ತು.

ಕೈ ಕೊಟ್ಟರೆ ಅವನಿಗೆ ಅವಮಾನ ಎಂದು ಹಾರ್ಲನ್ ಆಗ ಅಂದುಕೊಂಡ. ಇಲ್ಲಿಯ ಗಂಡಸರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಸುಡಲಿ ಆ ಮರ್ಯಾದೆಯನ್ನು. ಒಂದು ಕೈ ಚಾಚಲು ಎಷ್ಟು ಹೊತ್ತು ಬೇಕಿತ್ತು?

ಮುಂದಿನ ವಾರ ಹಾರ್ಲನ್ ಫೋನ್ ಮಾಡಿದ. ಓಡೆಲ್‌ಗೆ ಮೊಮ್ಮಗಳ ಬೇಸ್‌ಬಾಲ್ ಆಟವಿತ್ತು. ಅದರ ಮುಂದಿನ ವಾರ ಚರ್ಚಿನ ಸೂರು ಸೋರುತ್ತಿತ್ತು. ಆಮೇಲೊಮ್ಮೆ ಹಲ್ಲುನೋವು.

"ಆ ಹಲ್ಲು ಕೀಳಿಸಿ ಎಷ್ಟೋ ವರ್ಷ ಆಯ್ತಲ್ಲ," ಎಂದಳು ನೇಡೀನ್, ಗಂಡ ಫೋನ್ ಇಟ್ಟ ಮೇಲೆ.

"ಹಾಗಾದ್ರೆ ಬರೋಕೆ ಇಷ್ಟ ಇಲ್ಲ ಅಂತ ನೇರ ಹೇಳಲಿ."

"ನೀನು ನೇರ ಕೇಳಿದೀಯಾ?"

"ಇನ್ನೇನು ಕೇಳೋದು? ಬಾ ಅಂದೆ. ಬರಲ್ಲ ಅಂದ."

"ನೀವಿಬ್ಬರೂ ಮೀನಿನ ಜೊತೆ ಇದ್ದೂ ಇದ್ದೂ ಮೀನೇ ಆಗಿದೀರ," ಎಂದಳು ಅವಳು. "ಬಾಯಿ ತೆಗೀತೀರ, ಮಾತು ಬರಲ್ಲ."

ಹಾರ್ಲನ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು. ಕರೆಯುವುದನ್ನು ನಿಲ್ಲಿಸಿಬಿಟ್ಟ. ಭಾನುವಾರ ಚರ್ಚು ಮುಗಿದ ಮೇಲೆ ಊಟ ಎಂದಿನಂತೆ ಹಾರ್ಲನ್ನನ ಮನೆಯಲ್ಲೇ. ಕೋಳಿ ಹುರಿದದ್ದು, ಜೋಳದ ರೊಟ್ಟಿ, ಸಿಹಿ ಚಹಾ. ಮೇಜಿನ ಆ ತುದಿಯಲ್ಲಿ ಓಡೆಲ್, ಈ ತುದಿಯಲ್ಲಿ ಹಾರ್ಲನ್. ಮಳೆಯ ಮಾತು, ಟೊಮೆಟೊ ಗಿಡದ ಮಾತು. ದೋಣಿಯ ಮಾತಿಲ್ಲ.

ಬೇಸಿಗೆಯಿಡೀ ಅವನು ಒಬ್ಬನೇ ಹೋದ. ಕೆಂಪು ದೋಣಿ ಅವನನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲಿಗೆ ಬೇಕೋ ಅಲ್ಲಿಗೆ ಒಯ್ಯುತ್ತಿತ್ತು. ಒಯ್ದ ಮೇಲೆ ಏನು? ದೊಡ್ಡ ಮೀನು ಕಚ್ಚಿದಾಗ ತಾನೇ ಗಾಳ ಹಿಡಿದು, ತಾನೇ ಬಗ್ಗಿ, ತಾನೇ ಬಲೆ ಹುಡುಕಬೇಕು. ಒಮ್ಮೆ ಅಪರೂಪದ ಒಂದು ಮೀನು, ತೋಳಿನಷ್ಟು ಉದ್ದ, ದೋಣಿಯ ಪಕ್ಕಕ್ಕೆ ಬಂದು ತಲೆ ಕೊಡವಿ ಬಿಡಿಸಿಕೊಂಡು ಹೋಯಿತು. "ನೋಡಿದ್ಯಾ?" ಎಂದು ಅವನು ಹಿಂದೆ ತಿರುಗಿ ಕೇಳಿದ. ಹಿಂದಿನ ಸೀಟಿನ ಮೇಲೆ ಅವನದೇ ಮಳೆಯಂಗಿ ಇತ್ತು. ಅವತ್ತು ಅವನು ಬೇಗ ಮನೆಗೆ ಬಂದುಬಿಟ್ಟ.

ಎಲೆ ಮತ್ತೆ ಕೆಂಪಾಗುವ ಹೊತ್ತಿಗೆ ಅವನಿಗೆ ಬುದ್ಧಿ ಬಂತು. ಅಟ್ಟ ಮೇಲೆ ಒಲೆ ಉರಿಯುವುದು ಹೊಸ ಮಾತಲ್ಲ. ಕೆಂಪು ದೋಣಿಯನ್ನು ತೊಳೆದು ಒರೆಸಿ, ಟ್ರೇಲರಿಗೆ ಕಟ್ಟಿ, ಪ್ರುವಿಟ್‌ನ ಅಂಗಡಿಗೆ ಎಳೆದುಕೊಂಡು ಹೋದ. ಬೂದು ದೋಣಿ ಇದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು.

"ಆ ಅಲ್ಯೂಮಿನಿಯಂದು ಎಲ್ಲಿ? ಇದನ್ನ ಕೊಟ್ಟು ಅದನ್ನ ತಗೊಳ್ಳೋಣ ಅಂತ ಬಂದೆ."

ಪ್ರುವಿಟ್ ವಿಚಿತ್ರವಾಗಿ ನೋಡಿದ. "ಅದು ಬೇಸಿಗೆಯಲ್ಲೇ ಹೋಯ್ತಲ್ಲ ಮಿಸ್ಟರ್ ಹಾರ್ಲನ್. ನಿಮ್ಮ ಭಾವ ಓಡೆಲ್ ಅವರೇ ತಗೊಂಡ್ರು. ನಿಮಗೆ ಗೊತ್ತಿರಬೇಕು ಅಂದ್ಕೊಂಡಿದ್ದೆ."

ಹಾರ್ಲನ್ ಕೆಂಪು ದೋಣಿಯನ್ನು ಮತ್ತೆ ಪಿಕಪ್ಪಿನ ಹಿಂದೆ ಎಳೆದುಕೊಂಡು ಹೊರಟ. ಮನೆಗೆ ಬಂದವನೇ ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ನಿನ್ನ ಅಣ್ಣ ದೋಣಿ ತಗೊಂಡಿದಾನೆ."

ನೇಡೀನ್ ಕೈ ಒರೆಸಿಕೊಂಡಳು. "ಗೊತ್ತು."

"ಗೊತ್ತಿದ್ದೂ ನಂಗೆ ಹೇಳಿಲ್ಲ."

"ಹೇಳಬೇಡ ಅಂದ. ಅವನ ಮನಸ್ಸಿನಲ್ಲಿ ಏನಿತ್ತು ಗೊತ್ತಾ ಹಾರ್ಲನ್? ಆ ದೋಣಿ ಎಷ್ಟು ದಿನ ಅಂಗಡಿಯಲ್ಲೇ ಇತ್ತು. ಅವನು ದಿನಾ ಆ ರಸ್ತೆಯಲ್ಲೇ ಹೋಗಿ ನೋಡಿಬರ್ತಿದ್ದ. ಹಾರ್ಲನ್ ಇವತ್ತು ಬದಲಾಯಿಸಬಹುದು, ನಾಳೆ ಬದಲಾಯಿಸಬಹುದು ಅಂತ ಕಾದ. ಆಮೇಲೆ ನೀನು ಫೋನ್ ಮಾಡೋದನ್ನೂ ಬಿಟ್ಟೆ. ಆಗ ತಗೊಂಡ."

"ತಗೊಂಡ ಮೇಲಾದ್ರೂ ನನ್ನ ಕರೀಬಹುದಿತ್ತಲ್ಲ."

"ಹೇಗೆ ಕರೀತಾನೆ? ಅಂಗಳದಲ್ಲಿ ಅಷ್ಟು ದೊಡ್ಡ ದೋಣಿ ನಿಲ್ಲಿಸಿಕೊಂಡು ಕೂತಿರೋನ್ನ, ಬಾ ನನ್ನ ಹಿಂದೆ ಕೂತ್ಕೊ ಅಂತ ಕರಿಯೋದಾ? ನಿನ್ನ ದೋಣಿಗೆ ಅದಕ್ಕಿಂತ ದೊಡ್ಡ ಬೈಗುಳ ಬೇಕಾ?"

ಅದು ನಿಜ. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಹಾರ್ಲನ್ನನ ಸಿಟ್ಟು ಇಳಿಯಿತು. ಅವನು ಕುರ್ಚಿ ಎಳೆದು ಕೂತ. "ಸಾಸೇಜ್ ಬನ್ನು ಹೇಗೆ ಮಾಡೋದು?" ಎಂದು ಕೇಳಿದ.

ಮಂಗಳವಾರ ಬೆಳಗ್ಗೆ ಅವನು ದೋಣಿ ಇಳಿಸುವ ಇಳಿಜಾರಿನ ಬಳಿ ಕಾದು ನಿಂತಿದ್ದ. ಕೈಯಲ್ಲಿ ಬನ್ನಿನ ಪೊಟ್ಟಣ, ಕಾಲಬಳಿ ಪೆಟ್ರೋಲಿನ ಕ್ಯಾನು, ಒಂದೇ ಒಂದು ಗಾಳದ ಕೋಲು. ಓಡೆಲ್ ಬೂದು ದೋಣಿಯನ್ನು ನೀರಿಗೆ ಬಿಡುತ್ತಿದ್ದವನು ಅವನನ್ನು ನೋಡಿ ನಿಂತ. ಪೊಟ್ಟಣವನ್ನೂ ಕ್ಯಾನನ್ನೂ ನೋಡಿದ.

"ಹಿಂದಿನ ಸೀಟು ಖಾಲಿ ಇದೆಯಾ?" ಎಂದ ಹಾರ್ಲನ್. ಕರೆಯದೆ ಬಂದಿದ್ದ. ಮೂವತ್ತು ವರ್ಷದಲ್ಲಿ ಓಡೆಲ್ ಒಮ್ಮೆಯೂ ಹಾಗೆ ಬಂದಿರಲಿಲ್ಲ.

"ಇವತ್ತು ಖಾಲಿ ಇದೆ. ಬಾಳೆಹಣ್ಣು ತಂದಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಹತ್ತು."

ಬೂದು ದೋಣಿ ನಿಧಾನ. ಕೆಂಪು ದೋಣಿ ಎರಡು ಮಾತಾಡುವುದರಲ್ಲಿ ತಲುಪಿಸುತ್ತಿದ್ದ ಕೊಲ್ಲಿಗೆ ಇದು ಒಂದು ಬನ್ನು ತಿಂದು, ಕಾಫಿ ಕುಡಿದು, ಬಾಯಿ ಒರೆಸಿಕೊಳ್ಳುವಷ್ಟು ಹೊತ್ತು ತೆಗೆದುಕೊಂಡಿತು. ಅಷ್ಟು ಹೊತ್ತೂ ಹೇಗೆ ಶುರು ಮಾಡುವುದೆಂದು ಹಾರ್ಲನ್ ಯೋಚಿಸುತ್ತಿದ್ದ. ಬನ್ನು ಕಲ್ಲಾಗಿತ್ತು. ಓಡೆಲ್ ಪೂರ್ತಿ ತಿಂದ.

"ಇದನ್ನ ನೀನೇ ಮಾಡಿದ್ದಾ?"

"ಹೌದು."

"ಗೋಡೆ ಕಟ್ಟುವಾಗ ಮಾಡಿಕೊಟ್ಟಿದ್ರೆ ಇಟ್ಟಿಗೆ ಉಳೀತಿತ್ತು," ಎಂದ ಓಡೆಲ್. ಇಬ್ಬರೂ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕದ್ದು.

ಕೊಲ್ಲಿಯಲ್ಲಿ ಓಡೆಲ್ ಮುಂದಿನ ಕಟ್ಟೆಗೆ ಹೋಗಿ ಕರೆಂಟ್ ಮೋಟರ್ ಇಳಿಸಿದ. ಹಾರ್ಲನ್ ಹಿಂದಿನ ಕಟ್ಟೆಯ ಮೇಲೆ ನಿಂತ. ದೋಣಿ ಹುಲ್ಲಿನ ಅಂಚಿಗೆ ಬಂದಾಗ ಮೆಲ್ಲಗೆ ತಿರುಗಿ ಅಡ್ಡವಾಯಿತು. ಮೂತಿ ಮುಂದಿರದೆ, ಇಡೀ ಪಕ್ಕೆ ದಡಕ್ಕೆ ಮುಖ ಮಾಡಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ಹಾಗೆಯೇ ಅಡ್ಡವಾಯಿತು.

ಹಾರ್ಲನ್ ಮೂವತ್ತು ವರ್ಷ ದೋಣಿ ನಡೆಸಿದವನು, ಬಾಯಿ ಸುಮ್ಮನಿರಲಿಲ್ಲ. "ಗಾಳಿ ನಿನ್ನ ದೋಣಿ ತಿರುಗಿಸ್ತಿದೆ ಓಡೆಲ್. ಮೂತಿ ನೇರ ಮಾಡು."

"ಗಾಳಿ ಅಲ್ಲ, ನಾನೇ."

"ಯಾಕೆ?"

ಓಡೆಲ್ ಹಿಂದೆ ತಿರುಗಲಿಲ್ಲ. ಅವನ ದನಿಯಲ್ಲಿ ಕುಹಕವೂ ಇರಲಿಲ್ಲ. "ಹಿಂದೆ ನಿಂತೋನಿಗೂ ನೀರು ಬೇಡ್ವಾ?"

ಹಾರ್ಲನ್ ತನ್ನ ಮುಂದಿನ ನೀರನ್ನು ನೋಡಿದ. ಹಸಿರು ಹುಲ್ಲು, ನಡುವೆ ಕಪ್ಪು ಕಿಂಡಿಗಳು, ಯಾವ ಗಾಳವೂ ಇನ್ನೂ ಮುಟ್ಟದ್ದು. ಅಡ್ಡ ಹಿಡಿದರೆ ಇಬ್ಬರಿಗೂ ಸಮನಾದ ಪಾಲು. ಕಾಲಲ್ಲಿ ಒಂದಿಷ್ಟು ಹೆಚ್ಚು ಕೆಲಸ, ಅಷ್ಟೇ. ಮೂವತ್ತು ವರ್ಷ ಅವನ ಕಾಲಡಿಯಲ್ಲೇ ಇದ್ದ ಉಪಾಯ. ಒಂದು ದಿನವೂ ಅವನು ಹಾಗೆ ಹಿಡಿದಿರಲಿಲ್ಲ. ಓಡೆಲ್‌ಗೆ ಮೀನು ಸಿಗದಿದ್ದಾಗಲೆಲ್ಲ "ನಿನ್ನ ಕೈಗೆ ಶನಿ ಹಿಡಿದಿದೆ" ಎಂದು ತಾನೇ ಗೇಲಿ ಮಾಡುತ್ತಿದ್ದ, ಓಡೆಲ್ ನಗುತ್ತಿದ್ದ. ಚರ್ಚಿನ ಮೆಟ್ಟಿಲ ಮೇಲೂ ಓಡೆಲ್ ತನ್ನ ಬಗ್ಗೆ ಅದನ್ನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಅದೆಲ್ಲ ನೆನಪಾಗಿ ಹಾರ್ಲನ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಾನು ಯಾವತ್ತೂ ಹೀಗೆ ಹಿಡೀಲಿಲ್ಲ," ಎಂದ.

"ಇಲ್ಲ."

"ಒಂದು ಮಾತು ಹೇಳಬಹುದಿತ್ತಲ್ಲೋ ಮಾರಾಯ."

"ದೋಣಿ ನಿನ್ನದಾಗಿತ್ತು."

"ಆ ದಿನ, ಹಲಗೆಯ ಮೇಲೆ... ನಾನು ಬಂದು ಕೈ ಹಿಡೀಬೇಕಿತ್ತು. ನೋಡಿದ್ದೆ. ನೋಡಿಯೂ ಬರಲಿಲ್ಲ. ಅಂಗಡಿಯಲ್ಲೂ ನೋಡಿದ್ದೆ."

ಓಡೆಲ್ ಗಾಳ ಸುತ್ತಿಕೊಂಡ. "ನೀನು ನೋಡಿದ್ದು ನಂಗೆ ಗೊತ್ತು ಹಾರ್ಲನ್," ಎಂದ. "ಎಸಿ ಈಗ. ಆ ಎಡಗಡೆ ಕಿಂಡಿ ನಿನ್ನದು."

ಹಾರ್ಲನ್ ಎಸೆದ. ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಹುಳು ಕಿಂಡಿಯೊಳಗೆ ಇಳಿಯುವುದಕ್ಕೂ ದಾರ ಬಿಗಿಯುವುದಕ್ಕೂ ಸರಿಹೋಯಿತು. ಒಳ್ಳೆಯ ಮೀನು, ಹೊಟ್ಟೆ ತುಂಬಿದ್ದು. ಯಜಮಾನನಾಗಿದ್ದೂ ಓಡೆಲ್ ಎಡಗಾಲು ಎಳೆಯುತ್ತ ಹಿಂದೆ ಬಂದು, ಕೈಬಲೆ ಹಿಡಿದು, ಬಗ್ಗಿ ಎತ್ತಿಕೊಟ್ಟ. ಅದನ್ನು ಹಿಡಿದು ನಿಂತ ಹಾರ್ಲನ್‌ಗೆ ಸಂತೋಷವೇ ಆಗಲಿಲ್ಲ. ಇಂಥ ಮೀನು ಎಷ್ಟು ಓಡೆಲ್‌ನ ಪಾಲಿನವು ಇದ್ದಿರಬಹುದು ಎಂಬುದೊಂದೇ ತಲೆಯಲ್ಲಿ ಸುತ್ತಿತು. ಅವನು ಅದನ್ನು ಬೇಗ ನೀರಿಗೆ ಬಿಟ್ಟುಬಿಟ್ಟ.

ದಡಕ್ಕೆ ಮರಳಿದಾಗ ಅವನು ಮೊದಲು ಇಳಿದು, ಹಲಗೆಯ ಮೇಲೆ ನಿಂತು ಕೈ ಚಾಚಿದ. ಓಡೆಲ್‌ಗೆ ಈ ದೋಣಿಯಿಂದ ಇಳಿಯಲು ಯಾರ ಕೈಯೂ ಬೇಕಿರಲಿಲ್ಲ. ಆದರೂ ಹಿಡಿದ.

"ಶನಿವಾರ?" ಎಂದು ಹಾರ್ಲನ್ ಕೇಳಿದ.

ಓಡೆಲ್ ಟೋಪಿ ತೆಗೆದು ತಲೆ ಸವರಿದ. "ಶನಿವಾರ ಮರ್ಲ್ ಬರ್ತಾನೆ. ಕ್ಷೌರದಂಗಡಿ ಮರ್ಲ್."

"ಹಾಗಾದ್ರೆ ಬುಧವಾರ."

"ಬುಧವಾರವೂ ಅವನೇ, ನಾನು ನೀರಿಗಿಳಿಯೋ ದಿನ ಎಲ್ಲ ಅವನೇ. ಇವತ್ತು ಅಂಗಡಿ ಕೆಲಸ ಇತ್ತು, ಬರಲಿಲ್ಲ. ಬೇಸಿಗೆಯಿಂದ ಬರ್ತಿದಾನೆ, ಮಾತು ಕೊಟ್ಟಿದೀನಿ. ಹೆಂಡತಿ ಹೋದ ಮೇಲೆ ಅವನಿಗೆ ಬೇರೆ ಏನಿದೆ ಹೇಳು." ಓಡೆಲ್ ಹಗ್ಗವನ್ನು ಸುತ್ತಿ ಸುತ್ತಿ ಸುರುಳಿ ಮಾಡಿದ. "ಅವನು ಬಾರದ ದಿನ ಫೋನ್ ಮಾಡ್ತೀನಿ. ಖಂಡಿತ ಮಾಡ್ತೀನಿ."

ಹಿಂದಿನ ಸೀಟಿನವನನ್ನು ಕಾರಣವಿಲ್ಲದೆ ಕೈಬಿಡುವಂತಿಲ್ಲ. ಅದೂ ಇಲ್ಲಿನ ನಿಯಮವೇ, ಹಾರ್ಲನ್‌ಗೆ ಗೊತ್ತು. ಆ ಚಳಿಗಾಲದಲ್ಲಿ ಫೋನ್ ಬಂತು, ಇಲ್ಲವೆಂದಲ್ಲ. ಒಂದು ಸಲ ಮರ್ಲ್‌ಗೆ ಜ್ವರ, ಇನ್ನೊಂದು ಸಲ ಮರ್ಲ್‌ನ ಮಗಳ ಮದುವೆ. ಹಾರ್ಲನ್ ಎರಡು ಸಲವೂ ಬನ್ನು ಮಾಡಿಕೊಂಡು ಹೋದ. ಬನ್ನು ಮೊದಲಿಗಿಂತ ಮೆತ್ತಗಾಗಿತ್ತು. ಉಳಿದ ದಿನ ಶೆಡ್ಡಿನಲ್ಲಿ ಕೆಂಪು ದೋಣಿಯ ಪಕ್ಕ ಸುಮ್ಮನೆ ಕೂರುತ್ತಿದ್ದ. ಒಂದು ದಿನ ನೇಡೀನ್ ಅಲ್ಲಿಗೇ ಕಾಫಿ ತಂದು ಕೊಟ್ಟು, "ಮಾರಿಬಿಡು," ಎಂದಳು. ಗೇಲಿ ಮಾಡಲಿಲ್ಲ.

ವಸಂತದಲ್ಲಿ ಇಬ್ಬರು ದೋಣಿ ನೋಡಲು ಬಂದರು. ನಡುವಯಸ್ಸಿನವರು, ಕರೆಂಟ್ ಕೆಲಸದವರು, ಒಟ್ಟಿಗೇ ಕೆಲಸ ಮಾಡುವ ಸ್ನೇಹಿತರು. ಕೊಳ್ಳುವವನ ಹೆಸರು ಡೇರಲ್, ಬಾಯಿಬಡುಕ. ಚಾವಿ ಕೇಳಿದ, ಎಂಜಿನ್ ಕೇಳಿದ, ಮುಂದಿನ ಕಟ್ಟೆಯ ಮೇಲೆ ನಿಂತು ಕಾಲಲ್ಲಿ ಮೋಟರ್ ಒತ್ತಿ ನೋಡಿದ. ಇನ್ನೊಬ್ಬ, ಉದ್ದನೆಯವನು, ಬೆನ್ನಿಗೆ ಪಟ್ಟಿ ಕಟ್ಟಿಕೊಂಡವನು, ಕೈ ಜೇಬಿನಲ್ಲಿಟ್ಟು ಕೆಳಗೇ ನಿಂತಿದ್ದ.

"ಎಲ್ಲ ಸರಿ ಇದೆ ಸರ್. ಹಿಂದಿನ ಸೀಟು ಹೇಗಿದೆ?" ಎಂದ ಡೇರಲ್, ಕೇಳಬೇಕಲ್ಲ ಎಂದು ಕೇಳಿದ ಹಾಗೆ.

"ನಂಗೊತ್ತಿಲ್ಲ," ಎಂದ ಹಾರ್ಲನ್. "ನಾನು ಅಲ್ಲಿ ಕೂತೇ ಇಲ್ಲ." ಆಮೇಲೆ ಉದ್ದನೆಯವನ ಕಡೆ ತಿರುಗಿದ. "ನೀನು ಹತ್ತಿ ಕೂತು ನೋಡಪ್ಪ."

ಅವನು ಸಂಕೋಚದಿಂದ ಹತ್ತಿ ಕೂತ. ಏಳುವಾಗ ಬೆನ್ನು ಹಿಡಿದುಕೊಂಡು, ಪಕ್ಕಕ್ಕೆ ಹೊರಳಿ ಎದ್ದ.

"ಹೇಗಿದೆ?"

ಉದ್ದನೆಯವನು ನಕ್ಕ. "ದೋಣಿ ಅವನದು ಸರ್."

ಡೇರಲ್ ಚಾವಿಗೆ ಕೈ ಚಾಚಿದ. ಹಾರ್ಲನ್ ಚಾವಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡ. ಉದ್ದನೆಯವನ ಹತ್ತಿರ ಹೋಗಿ, ಅವನ ಮುಖವನ್ನೇ ನೋಡುತ್ತಾ ನಿಂತ.

"ನಾನು ಕೇಳಿದ್ದು ನಿನ್ನ," ಎಂದ. "ಇನ್ನೊಂದು ಸಲ ಕೇಳ್ತೀನಿ. ಹೇಗಿದೆ?"

ಆ ಮನುಷ್ಯ ಸ್ನೇಹಿತನನ್ನು ನೋಡಿದ, ನೆಲ ನೋಡಿದ. "ತಗ್ಗಿದೆ ಸರ್," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಏಳೋಕಾಗಲ್ಲ."

"ಹೌದಾ? ಮೊದಲೇ ಹೇಳೋದಲ್ವೇನೋ," ಎಂದ ಡೇರಲ್, ಮುಂದಿನ ಕಟ್ಟೆಯಿಂದ ಇಳಿಯುತ್ತಾ.

ಹಾರ್ಲನ್ ಚಾವಿಯನ್ನು ಜೇಬಿಗೆ ಹಾಕಿಕೊಂಡ. ಅಂದು ಓಡೆಲ್‌ನನ್ನು ಎರಡನೇ ಸಲ ಕೇಳಲು ಬೇಕಾಗಿದ್ದದ್ದೂ ಇಷ್ಟೇ ಹೊತ್ತು.